ಹಿಮದ ಕಾವಲುಗಾರನ ಬೂಟು

ಕಾಸರಗೋಡಿನ ಕಡಲ ಬದಿಯ ನಮಗೂ, ಮರಾಠವಾಡದ ಗಡಿಯಲ್ಲಿರುವ ಯೆಣೆಗೂರು, ನಿಲಂಗಾ, ಉದ್ಗೀರ ಕಡೆಯ ಕನ್ನಡ ಬಂಧುಗಳಿಗೂ ಹಿಮವೆಂದರೆ ಭೂಗೋಳ ಪುಸ್ತಕದ ಪಾಠ. ಆದರೆ ಇಂಥ ಸೆಕೆಯ ಊರುಗಳ ಮಕ್ಕಳೇ ಆ ಹಿಮದಲ್ಲಿ ನಿಂತು ದೇಶದ ಉತ್ತರದ ಅಂಚನ್ನು ಕಾಯುತ್ತಿದ್ದಾರೆ.

2016ರ ಫೆಬ್ರವರಿ 3ರಂದು ಸಿಯಾಚಿನ್‌ನ 19,600 ಅಡಿ ಎತ್ತರದ ಸೋನಂ ಠಾಣೆಯ ಮೇಲೆ ಹಿಮರಾಶಿ ಕುಸಿದು 10 ಮಂದಿ ಯೋಧರು ಹೂತುಹೋದರು. ಹಾಸನದ ನಾಗೇಶ್, ಮೈಸೂರು ಜಿಲ್ಲೆಯ ಮಹೇಶ್, ಕೊಲ್ಲಂನ ಸುಧೀಶ್, ಸಾತಾರಾದ ಸೂರ್ಯವಂಶಿ ಅವರಲ್ಲಿ ಕೆಲವರು. ಧಾರವಾಡ ಜಿಲ್ಲೆಯ ಬೆಟದೂರಿನ ಲಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಅವರೊಬ್ಬರು ಆರು ದಿನಗಳ ಬಳಿಕ ಜೀವಂತವಾಗಿ ಸಿಕ್ಕಿದರು. ನಾಡಿಗೆ ನಾಡೇ ಅವರಿಗಾಗಿ ಪ್ರಾರ್ಥಿಸಿತು. ಫೆಬ್ರವರಿ 11ರಂದು ಅವರೂ ದಿಲ್ಲಿಯಲ್ಲಿ ಅಸುನೀಗಿದರು. ಹಾರ ಹಾಕಿದೆವು, ಮೆರವಣಿಗೆ ಮಾಡಿದೆವು. ಅಲ್ಲಿಗೆ ನಮ್ಮ ಕರ್ತವ್ಯ ಮುಗಿಯಿತೆ?

ಸಿಯಾಚಿನ್‌ನಲ್ಲಿ 1984ರ ಏಪ್ರಿಲ್‌ನಿಂದಲೂ ನಮ್ಮ ಸೇನೆ ನೆಲೆಯೂರಿದೆ. 2003ರ ನವೆಂಬರಿನಿಂದ ಅಲ್ಲಿ ಕದನವಿರಾಮ ಜಾರಿಯಲ್ಲಿದ್ದರೂ ಸಾವು ನಿಂತಿಲ್ಲ. ಗುಂಡಿಗಿಂತ ಹೆಚ್ಚು ಮಂದಿಯನ್ನು ಬಲಿ ತೆಗೆದುಕೊಂಡದ್ದು ಚಳಿ, ಹಿಮಕುಸಿತ ಮತ್ತು ಎತ್ತರದ ಕಾಯಿಲೆಗಳು. ಈ ನೆಲದ ರಕ್ಷಣೆಯ ಹೊಣೆ 1972ರಲ್ಲಿ ರಚಿತವಾದ, ಉಧಂಪುರದಲ್ಲಿ ಕೇಂದ್ರ ಕಚೇರಿಯುಳ್ಳ ಉತ್ತರ ಕಮಾಂಡಿನದು. ಕಾರ್ಗಿಲ್ ಕದನದ ಬಳಿಕ 1999ರಲ್ಲಿ ಲೇಹ್‌ನಲ್ಲಿ ಅದರ ಕೈಕೆಳಗೆ 14ನೇ ಕೋರ್ ಸ್ಥಾಪನೆಯಾಯಿತು.

ಅಲ್ಲಿ ಶತ್ರುವಿಗಿಂತ ಮೊದಲು ಗೆಲ್ಲಬೇಕಾದದ್ದು ದಾರಿಯನ್ನು. 1948ರ ನವೆಂಬರ್ 1ರಂದು ನಮ್ಮ ನೆರೆಯ ಕೊಡಗಿನ ತಿಮ್ಮಯ್ಯನವರ ನಾಯಕತ್ವದಲ್ಲಿ ಸೇನೆ 11,000 ಅಡಿಗೂ ಮೇಲಿನ ಜೋಜಿಲಾ ಕಣಿವೆದಾರಿಗೆ ಟ್ಯಾಂಕುಗಳನ್ನು ಹತ್ತಿಸಿ ವೈರಿಗಳನ್ನು ಹಿಮ್ಮೆಟ್ಟಿಸಿತು, ಲೇಹ್ ಉಳಿಯಿತು. ಚಳಿಗಾಲದ ಹಿಮಕ್ಕೆ ಆ ದಾರಿ ಮುಚ್ಚುವುದರಿಂದ ಅಕ್ಕಿ, ಸೀಮೆಎಣ್ಣೆ, ಕಂಬಳಿ, ಮದ್ದು ಎಲ್ಲವನ್ನೂ ಬೇಸಗೆಯಲ್ಲೇ ಸಂಗ್ರಹಿಸಿಡಬೇಕು. ಮಳೆಗಾಲಕ್ಕೆ ಮುಂಚೆ ಸೌದೆ, ಹಪ್ಪಳ, ಉಪ್ಪಿನಕಾಯಿ ಕೂಡಿಡುವ ನಮ್ಮ ಮನೆಗಳ ತಾಯಂದಿರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಹೊತ್ತು ಮೀರಿ ಬಂದ ಸಾಮಗ್ರಿ ಬಾರದಿದ್ದಂತೆಯೇ.

ಆದರೆ 2020ರ ಫೆಬ್ರವರಿಯಲ್ಲಿ ಸಂಸತ್ತಿನ ಮುಂದೆ ಬಂದ ಮಹಾಲೇಖಪಾಲರ ವರದಿ ಹೇಳಿದ್ದೇನು? ಅತಿ ಎತ್ತರದ ಠಾಣೆಗಳ ಯೋಧರಿಗೆ ಹಿಮಕನ್ನಡಕಗಳ ಕೊರತೆ ಶೇಕಡಾ 62ರಿಂದ 98ರವರೆಗೆ ಇತ್ತು. ಮುಖವಾಡ, ಅಂಗಿ, ಮಲಗುಚೀಲಗಳು ಹಳೆಯ ಮಾದರಿಯವು. ಖರೀದಿ ನಾಲ್ಕು ವರ್ಷಗಳವರೆಗೂ ತಡವಾಗಿತ್ತು. 2015ರ ನವೆಂಬರಿನಿಂದ 2016ರ ಸೆಪ್ಟೆಂಬರಿನ ತನಕ ಬಹೂಪಯೋಗಿ ಬೂಟುಗಳ ವಿತರಣೆಯಾಗದೆ ಇದ್ದವನ್ನೇ ಮರುಬಳಕೆ ಮಾಡಬೇಕಾಯಿತು. ಸೋನಂ ಠಾಣೆಯ ದುರಂತ ನಡೆದದ್ದು ಆ ತಿಂಗಳುಗಳಲ್ಲೇ. ಕುಸಿಯುವ ಹಿಮವನ್ನು ಬೂಟು ತಡೆಯಲಾರದು, ನಿಜ. ಆದರೆ ಹೆಪ್ಪುಗಟ್ಟಿ ಕೊಳೆಯುವ ಬೆರಳನ್ನು ಅದು ಖಂಡಿತ ಉಳಿಸಬಲ್ಲದು.

ವರದಿ ಹಳೆಯ ವರ್ಷಗಳದ್ದು, ಈಗ ಸಿದ್ಧತೆಗೆ ಕೊರತೆಯಿಲ್ಲವೆಂದು ಆಗಿನ ಸೇನಾ ಮುಖ್ಯಸ್ಥ ಜನರಲ್ ನರವಣೆ ಉತ್ತರಿಸಿದರು. ಅದು ನಿಜವಾಗಿರಲಿ ಎಂದೇ ನಮ್ಮ ಹಾರೈಕೆ. ಆದರೂ ಹಾರೈಕೆ ಲೆಕ್ಕ ತಪಾಸಣೆಯ ಬದಲಿಯಾಗದು. 2020ರ ಜೂನ್‌ನಲ್ಲಿ ಗಲ್ವಾನ್‌ನಲ್ಲಿ 20 ಯೋಧರು ಮಡಿದ ಮೇಲೆ ಲಡಾಖಿನ ಎತ್ತರದಲ್ಲಿ ಚಳಿಗಾಲ ಕಳೆಯುವವರ ಸಂಖ್ಯೆ ಹೆಚ್ಚಿತು, ಹೊಣೆಯೂ ಹೆಚ್ಚಿತು.

ವೇದಿಕೆಗಳಲ್ಲಿ ಸೈನಿಕನ ಹೆಸರು ಹೇಳಿ ಚಪ್ಪಾಳೆ ಗಿಟ್ಟಿಸುವುದು ಸುಲಭ. ಪ್ರತಿವರ್ಷ ಚಳಿಗೆ ಮುಂಚೆ ಎಷ್ಟು ಬೂಟು ಬೇಕಿತ್ತು, ಎಷ್ಟು ತಲುಪಿತು ಎಂದು ನಮ್ಮ ಸಂಸದರು ಲೋಕಸಭೆಯಲ್ಲಿ ಕೇಳಲಿ. ಮತ ಕೇಳಲು ಮನೆಬಾಗಿಲಿಗೆ ಬಂದಾಗ ನಾವೂ ಅವರನ್ನು ಅದನ್ನೇ ಕೇಳೋಣ. ಮಗನನ್ನು ಸೇನೆಗೆ ಕೊಟ್ಟ ತಾಯಿಗೆ ಸಲ್ಲಬೇಕಾದ ಗೌರವದಲ್ಲಿ ಮೊದಲನೆಯದು, ಆತನ ಕಾಲು ಬೆಚ್ಚಗಿದೆಯೆಂಬ ಭರವಸೆ.