ಮಾಮನ ಅಂಗಡಿ ತೂಕದ ಮಷಿನ್ ಏನ್ ಹೇಳ್ತಿತ್ತು?

(1/5)

ಮೊದಲೇ ಹೇಳ್ಬಿಡ್ತೀನಿ, ಈ ಸಲ ಉದ್ದ ಇದೆ, ಐದು ಪೋಸ್ಟ್ ಆಗುತ್ತೆ. ಬಿಕಾಂ ಓದೋ ಹುಡುಗಿ ಲಾಜಿಕ್ ಅನಲೈಜರ್ ಬಗ್ಗೆ ಯಾಕೆ ಬರೀತಿದಾಳೆ ಅಂತ ಕ್ಲಾಸಿನವರು ನಗ್ತೀರ. ನಗಿ. ಆದ್ರೆ ಇದು 22,000 ರೂಪಾಯಿ ವಿಷಯ, ಅಂದ್ಮೇಲೆ ನಮ್ಮ ಸಬ್ಜೆಕ್ಟೇ.

ದಾವಣಗೆರೆಯಲ್ಲಿ ನನ್ನ ಸೋದರಮಾವನ ಕಿರಾಣಿ ಅಂಗಡಿ. ಕೌಂಟರ್ ಮೇಲೆ ಎಲೆಕ್ಟ್ರಾನಿಕ್ ತೂಕದ ಮಷಿನ್ (ಮೊದಲ ಫೋಟೋ), ಅದರ ಹಿಂದಿನಿಂದ ಒಂದು ಕೇಬಲ್ ಕಂಪ್ಯೂಟರ್‌ಗೆ. ಬೇಳೆ ಇಟ್ರೆ ತೂಕ ಸೀದಾ ಬಿಲ್ಲಿಗೆ ಬರ್ತಿತ್ತು. ಹಳೇ ಕಂಪ್ಯೂಟರ್ ಹಾರ್ಡ್ ಡಿಸ್ಕ್ ಸತ್ತೋಯ್ತು, ಹೊಸದು ತಂದ್ರು, ಅವತ್ತಿಂದ ತೂಕ ಬರೋದು ನಿಂತೋಯ್ತು. ಬಿಲ್ಲಿನಲ್ಲಿ ತೂಕದ ಜಾಗದಲ್ಲಿ ಏನೇನೋ ಗುರುತು. ಸರ್ವೀಸಿನವರನ್ನ ಕರೆಸಿದ್ರು. ಅವರು ಬಂದು, ನೋಡಿ, "ಇದು ಹಳೇ ಮಾಡೆಲ್ ಸರ್, ಹೊಸ ಸಾಫ್ಟ್‌ವೇರ್‌ಗೆ ಆಗಲ್ಲ, ಮಷಿನ್ ಸಮೇತ ಬದಲಾಯಿಸಿ" ಅಂದು 22,000ದ ಕೊಟೇಶನ್ ಕೊಟ್ಟು ಹೋದ್ರು. ಮಷಿನ್ ಮಾತ್ರ ತನ್ನ ಡಿಸ್‌ಪ್ಲೇನಲ್ಲಿ ತೂಕ ಸರಿಯಾಗೇ ತೋರಿಸ್ತಾ ಇತ್ತು.

ನನ್ನ ತಲೆಗೆ ಬಂದಿದ್ದು ಒಂದೇ ಪ್ರಶ್ನೆ. ಮಷಿನ್ ಕೇಬಲ್ಲಿನಲ್ಲಿ ಏನೋ ಹೇಳ್ತಾ ಇದೆ. ಅದು ಏನು ಅಂತ ಕೇಳಿಸ್ಕೊಳ್ಳೋಕೆ ಯಾಕೆ ಆಗ್ಬಾರ್ದು? ಮಷಿನ್ ಮಾಮಂದು. ಅದರ ಮಾತು ಅವರಿಗೇ ಗೊತ್ತಾಗಬಾರದು ಅಂದ್ರೆ ಹೆಂಗೆ?

(2/5)

ಪಕ್ಕದ ಮನೆಯಲ್ಲಿ ಡಿಪ್ಲೊಮಾ ಎಲೆಕ್ಟ್ರಾನಿಕ್ಸ್ ಓದೋ ಹುಡುಗ ಇದಾನೆ. ಅವನ ಹತ್ರ ಬೆಂಕಿಪೊಟ್ಟಣದ ಗಾತ್ರದ ಒಂದು ಡಬ್ಬಿ, 650 ರೂಪಾಯಿಯದು: ಎಂಟು ಚಾನೆಲ್, ಸೆಕೆಂಡಿಗೆ 2 ಕೋಟಿ 40 ಲಕ್ಷ ಸಲ ವೈರಿನಲ್ಲಿ "ಇದೆಯಾ, ಇಲ್ವಾ" ಅಂತ ನೋಡುತ್ತೆ. ಇದು ಆಸಿಲೋಸ್ಕೋಪ್ ಅಲ್ಲ. ಆಸಿಲೋಸ್ಕೋಪ್ ವೋಲ್ಟೇಜಿನ ಅಲೆ ಹೆಂಗಿದೆ ಅಂತ ತೋರಿಸುತ್ತೆ, ಲಾಜಿಕ್ ಅನಲೈಜರ್ 0 ಅಥವಾ 1 ಅಷ್ಟೇ. ನಮಗೆ ಅಷ್ಟು ಸಾಕಿತ್ತು.

ಸಾಫ್ಟ್‌ವೇರ್ ಹೆಸರು ಪಲ್ಸ್‌ವ್ಯೂ. ಅದು ಸಿಗ್ರಾಕ್ ಅನ್ನೋ ಓಪನ್ ಸೋರ್ಸ್ ಯೋಜನೆಯ ಮುಖ. ಊವೆ ಹರ್ಮನ್ ಮತ್ತು ಬರ್ಟ್ ವರ್ಮೂಲನ್ ಬೇರೆ ಬೇರೆಯಾಗಿ ಶುರು ಮಾಡಿದ್ದ ಕೆಲಸವನ್ನ 2010ರ ಸುಮಾರಿಗೆ ಒಂದು ಮಾಡಿದ್ರು, ಆಮೇಲೆ ಎಷ್ಟೋ ಜನ ಕೈ ಹಾಕಿದ್ರು. ವಿಂಡೋಸ್‌ನಲ್ಲಿ ಝಾಡಿಗ್ ಅಂತ ಇನ್ನೊಂದು ಪುಟ್ಟ ಪ್ರೋಗ್ರಾಂ ಹಾಕಿ ಡ್ರೈವರ್ ಕೂರಿಸೋಕೆ ನಮಗೆ ಒಂದು ಸಂಜೆ ಪೂರ್ತಿ ಹೋಯ್ತು. ಸುಲಭ ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಇನ್ನೊಂದು ಎಚ್ಚರಿಕೆ. ಮಷಿನಿನ ಕೇಬಲ್ ಆರ್‌ಎಸ್-232. ಅದರಲ್ಲಿ ಮೈನಸ್ ವೋಲ್ಟೇಜ್ ಕೂಡ ಬರುತ್ತೆ, ಪ್ಲಸ್ ಮೈನಸ್ 15ರವರೆಗೂ ಹೋಗಬಹುದು. ನಮ್ಮ ಡಬ್ಬಿ ತಡ್ಕೊಳ್ಳೋದು 5 ವೋಲ್ಟ್. ಅವನು ಹಿಂದೊಮ್ಮೆ ಸೀದಾ ಚುಚ್ಚಿ ಒಂದು ಡಬ್ಬಿ ಸುಟ್ಕೊಂಡಿದಾನೆ. ಮಧ್ಯೆ ಮ್ಯಾಕ್ಸ್3232 ಚಿಪ್ ಇರೋ ಸಣ್ಣ ಬೋರ್ಡ್ ಹಾಕಿದ್ವಿ, ಗ್ರೌಂಡ್ ವೈರ್ ಕೂಡ ಸೇರಿಸಿದ್ವಿ (ಮೊದಲು ಮರೆತು ಅರ್ಧ ಗಂಟೆ ಕಸ ನೋಡಿದ್ವಿ). ಮಷಿನ್ ಬಿಚ್ಚಲಿಲ್ಲ. ಅದರ ಮೇಲೆ ತೂಕ-ಅಳತೆ ಇಲಾಖೆಯ ಸೀಲ್ ಇದೆ, ಅದನ್ನ ಮುಟ್ಟೋ ಹಂಗಿಲ್ಲ.

ಪರದೆ ಮೇಲೆ ಕೋಟೆ ಗೋಡೆ ತರ ಏರಿಳಿತ ಬಂತು (ಎರಡನೇ ಫೋಟೋ). ಅತಿ ಸಣ್ಣ ತುಂಡನ್ನ ಕರ್ಸರ್ ಇಟ್ಟು ಅಳೆದ್ರೆ 416 ಮೈಕ್ರೊ ಸೆಕೆಂಡ್. ಇಲ್ಲಿಂದ ಲೆಕ್ಕ ನಂದು: ಒಂದು ಸೆಕೆಂಡಿಗೆ 10 ಲಕ್ಷ ಮೈಕ್ರೊ ಸೆಕೆಂಡ್, 416ರಿಂದ ಭಾಗಿಸಿದ್ರೆ ಸುಮಾರು 2404. ಬಳಕೆಯಲ್ಲಿರೋ ವೇಗಗಳಲ್ಲಿ ಹತ್ತಿರದ್ದು 2400. ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್ ಕೇಳಿಸ್ಕೊಳ್ತಾ ಇದ್ದಿದ್ದು 9600ರಲ್ಲಿ. ಮಷಿನ್ ನಿಧಾನಕ್ಕೆ ಮಾತಾಡ್ತಿದೆ, ಕಂಪ್ಯೂಟರ್ ನಾಲ್ಕು ಪಟ್ಟು ಅವಸರದಲ್ಲಿದೆ.

(3/5)

ಡಿಕೋಡರ್‌ಗೆ 2400 ಕೊಟ್ವಿ. ಮಾಮ 5 ಕೆಜಿ ತೂಕದ ಕಲ್ಲು ಇಟ್ರು. ಅಲೆಯ ಕೆಳಗೇ ಬಂತು: 05.000. ಕಿರುಚಿದ್ದು ನಾನೇ. ಆಮೇಲೆ 2 ಕೆಜಿ ಕಲ್ಲು ಇಟ್ರೆ 2ರ ಜಾಗದಲ್ಲಿ ಚೌಕ ಕಂಸದೊಳಗೆ ಬಿ2. ಒಂದು ಸಕ್ಕರೆ ಚೀಲ ಇಟ್ವಿ, ಡಿಸ್‌ಪ್ಲೇನಲ್ಲಿ 12.480. ಪರದೆಯಲ್ಲಿ ಬಿ1, ಬಿ2, ಚುಕ್ಕಿ, ಬಿ4, ಬಿ8, ಸೊನ್ನೆ. ಅಂದ್ರೆ 0, 3, 5, 6, 9 ಸರಿಯಾಗಿ ಬರ್ತವೆ. 1, 2, 4, 7, 8ಕ್ಕೆ ಮಾತ್ರ ಬಿ ಅಂಟ್ಕೊಂಡಿರುತ್ತೆ.

ಡಿಪ್ಲೊಮಾ ಹುಡುಗ ಎರಡು ನಿಮಿಷ ಸುಮ್ನಿದ್ದು "ಪ್ಯಾರಿಟಿ" ಅಂದ. ಪ್ರತಿ ಅಕ್ಷರ ಏಳು ಬಿಟ್, ಎಂಟನೆಯದು ತಾಳೆ ನೋಡೋಕೆ. ಏಳರಲ್ಲಿರೋ ಒಂದುಗಳ ಸಂಖ್ಯೆ ಬೆಸ ಆದ್ರೆ ಇನ್ನೊಂದು 1 ಸೇರಿಸಿ ಸಮ ಮಾಡ್ತಾರೆ. ಡಿಕೋಡರ್ ಆ ತಾಳೆ ಬಿಟ್ಟನ್ನೂ ಅಕ್ಷರದ ಭಾಗ ಅಂದ್ಕೊಂಡು ಓದ್ತಾ ಇತ್ತು, ಅದಕ್ಕೇ ಅರ್ಧ ಅಂಕಿ ಕೆಟ್ಟವು. ನನಗೆ ತಕ್ಷಣ ನೆನಪಾಗಿದ್ದು ನಮ್ಮ ತಾಳೆಪಟ್ಟಿ. ಒಂದು ಕಡೆ ತಪ್ಪಿದ್ರೆ ಸಿಕ್ಕಿಬೀಳುತ್ತೆ, ಎರಡು ತಪ್ಪು ಒಂದನ್ನೊಂದು ಸರಿದೂಗಿಸಿದ್ರೆ ಗೊತ್ತೇ ಆಗಲ್ಲ. ಪ್ಯಾರಿಟಿಯೂ ಅಷ್ಟೇ, ಎರಡು ಬಿಟ್ ಒಟ್ಟಿಗೆ ಉಲ್ಟಾ ಆದ್ರೆ ಕಣ್ಣಿಗೆ ಬೀಳಲ್ಲ. ಫಸ್ಟ್ ಇಯರ್‌ನಲ್ಲಿ ಬೈಕೊಂಡು ಕಲಿತ ಪಾಠ ಇಲ್ಲಿ ಸಿಗುತ್ತೆ ಅಂದ್ಕೊಂಡಿರಲಿಲ್ಲ.

ಬಿಲ್ಲಿಂಗ್ ಸಾಫ್ಟ್‌ವೇರಿನ ಸೆಟ್ಟಿಂಗ್‌ನಲ್ಲಿ 2400, ಏಳು ಬಿಟ್, ಈವನ್ ಪ್ಯಾರಿಟಿ ಅಂತ ಹಾಕಿದ್ವಿ. ತೂಕ ಬಂತು. ಆ ಸೆಟ್ಟಿಂಗ್ ಸತ್ತ ಹಾರ್ಡ್ ಡಿಸ್ಕಿನ ಜೊತೆ ಹೋಗಿತ್ತು ಅಷ್ಟೇ. ಊಹೆ ಮಾಡ್ತಾ ಒಂದೊಂದೇ ಹಾಕಿ ನೋಡಿದ್ರೂ ಸಿಗ್ತಿತ್ತೇನೋ. ಆದ್ರೆ ಊಹೆ ಮಾಡೋಕೂ ಮಷಿನ್ ಸರಿಯಾಗಿದೆ ಅನ್ನೋ ನಂಬಿಕೆ ಬೇಕು. ಆ ನಂಬಿಕೆ ಆ ಪರದೆ ನೋಡೋವರೆಗೆ ಮಾಮನಿಗೆ ಇರಲಿಲ್ಲ. ಸರ್ವೀಸಿನವರು ಮೋಸ ಮಾಡಿದ್ರು ಅಂತ ನಾನು ಹೇಳ್ತಿಲ್ಲ, ಅವರ ಹತ್ರಾನೂ ನೋಡೋ ಸಾಧನ ಇರಲಿಲ್ಲ ಅನ್ಸುತ್ತೆ.

(4/5)

ಈಗ ನನ್ನ ಅಭಿಪ್ರಾಯ, ಬೈಯೋರು ಇಲ್ಲಿಂದ ಶುರು ಮಾಡ್ಬಹುದು.

ಸಿಗ್ನಲ್ ನೋಡೋ ಸಾಧನದ ಮಾರುಕಟ್ಟೆಯಲ್ಲಿ ಒಂದು ಹಳೇ ಪದ್ಧತಿ ಇದೆ. ಆಸಿಲೋಸ್ಕೋಪ್ ಮಾರ್ತಾರೆ, ಡಿಕೋಡ್ ಮಾಡೋ ಕೋಡ್ ಅದರೊಳಗೇ ಇರುತ್ತೆ, ಆದ್ರೆ ಬೀಗ ಹಾಕಿರ್ತಾರೆ. ಬೇರೆ ದುಡ್ಡು ಕೊಟ್ರೆ ಒಂದು ಕೀ, ಆಗ ತೆಗೆಯುತ್ತೆ. ಹವ್ಯಾಸಿಗಳ ನಡುವೆ ಜನಪ್ರಿಯವಾದ ರೈಗೋಲ್ ಡಿಎಸ್1054ಝಡ್ ಕೂಡ ಮೊದಲು ಮಾರಾಟ ಆಗಿದ್ದು ಹಂಗೇ. ನಮ್ಮ ಮೇಷ್ಟ್ರು ಇದನ್ನ ಬೆಲೆ ತಾರತಮ್ಯ ಅಂತಾರೆ. ಒಂದೇ ವಸ್ತು, ಕೊಡೋ ಶಕ್ತಿ ನೋಡಿ ಬೇರೆ ಬೇರೆ ರೇಟು. ಕಂಪನಿಗೆ ಅದು ಹಕ್ಕು, ಒಪ್ತೀನಿ. ಸಂಶೋಧನೆಗೆ ಖರ್ಚು ಮಾಡಿರ್ತಾರೆ. ಆದ್ರೆ ಆ ಬೀಗ ಒಡೆಯೋ ಕೀ ಜನರೇಟರ್ ಹಿಂದೆ ನಮ್ಮ ಹುಡುಗ್ರು ಓಡೋದು ನನಗೆ ಇಷ್ಟ ಇಲ್ಲ. ಕ್ರ್ಯಾಕ್ ಹಾಕಿದ ಅಕೌಂಟಿಂಗ್ ಸಾಫ್ಟ್‌ವೇರ್‌ನಲ್ಲಿ ಪ್ರಾಜೆಕ್ಟ್ ಮಾಡಿ "ವ್ಯವಹಾರ ನೀತಿ" ಪೇಪರ್ ಬರೆಯೋ ನಾವು ಇದನ್ನ ಒಂದ್ಸಲ ಯೋಚಿಸಬೇಕು.

ಸಿಗ್ರಾಕ್‌ನಲ್ಲಿ ಕದಿಯೋ ಮಾತೇ ಇಲ್ಲ. ಬಳಸು, ಬಿಚ್ಚಿ ನೋಡು, ಬದಲಾಯಿಸು, ಹಂಚು, ಬದಲಾಯಿಸಿ ಹಂಚಿದ್ರೆ ಸೋರ್ಸ್ ಕೋಡೂ ಕೊಡು ಅಂತ ಜಿಪಿಎಲ್ ಲೈಸೆನ್ಸ್‌ನಲ್ಲಿ ಬರೆದೇ ಇದೆ. ಕಂಪನಿಗಳೂ ಬಳಸಬಹುದು. ಡ್ರೀಮ್‌ಸೋರ್ಸ್‌ಲ್ಯಾಬ್‌ನ ಡಿಎಸ್‌ವ್ಯೂ ಇದರ ಮೇಲೇ ಕಟ್ಟಿದ್ದು. ಆ 650 ರೂಪಾಯಿ ಡಬ್ಬಿಯೊಳಗಿರೋದು ಸೈಪ್ರೆಸ್‌ನ ಎಫ್‌ಎಕ್ಸ್2 ಚಿಪ್. ಚುಚ್ಚಿದಾಗ ಕಂಪ್ಯೂಟರೇ ಅದಕ್ಕೆ ಫರ್ಮ್‌ವೇರ್ ಕಳಿಸಬೇಕು, ಕಿತ್ತರೆ ಮರೆತುಬಿಡುತ್ತೆ. ಇಂಥ ಎಷ್ಟೋ ಡಬ್ಬಿಗಳು ಬೇರೆ ದೊಡ್ಡ ಕಂಪನಿಯ ಗುರುತು ಹೇಳ್ಕೊಂಡು ಅವರ ಸಾಫ್ಟ್‌ವೇರ್‌ನಲ್ಲಿ ಓಡ್ತವೆ, ಅದು ನ್ಯಾಯ ಅಲ್ಲ. ಸಿಗ್ರಾಕ್‌ನವರು ಎಫ್‌ಎಕ್ಸ್2ಎಲ್‌ಎಎಫ್‌ಡಬ್ಲ್ಯೂ ಅಂತ ತಮ್ಮದೇ ಫರ್ಮ್‌ವೇರ್ ಬರೆದು, ಸುಳ್ಳು ಹೇಳದೇನೂ ಆ ಡಬ್ಬಿ ಕೆಲಸ ಮಾಡೋ ಹಾಗೆ ಮಾಡಿದಾರೆ. ನನಗೆ ಇಡೀ ಯೋಜನೆಯಲ್ಲಿ ಜಾಸ್ತಿ ಗೌರವ ಬಂದಿದ್ದು ಇದಕ್ಕೆ.

ಇದಕ್ಕೂ ಖರ್ಚಿದೆ. ಅದು ನಮ್ಮ ಪುಸ್ತಕದಲ್ಲಿ ಕಾಣಲ್ಲ ಅಷ್ಟೇ, ಯಾರದೋ ಭಾನುವಾರದ ಲೆಕ್ಕದಲ್ಲಿ ಹೋಗಿರುತ್ತೆ. ಅದರ ಪರಿಣಾಮಾನೂ ಕಾಣುತ್ತೆ. ಪಲ್ಸ್‌ವ್ಯೂ 0.4.2 ಬಂದಿದ್ದು 2020ರಲ್ಲಿ, ಆಮೇಲಿನ ಬದಲಾವಣೆ ಬೇಕಂದ್ರೆ ನೈಟ್ಲಿ ಬಿಲ್ಡ್ ಇಳಿಸ್ಕೋಬೇಕು, ಅದು ಕೆಲವೊಮ್ಮೆ ಕ್ರ್ಯಾಶ್ ಆಗುತ್ತೆ. ನಮಗೂ ಆಯ್ತು, ಎರಡು ಸಲ. ಸಹಾಯ ಕೇಳೋಕೆ ಟೋಲ್ ಫ್ರೀ ನಂಬರ್ ಇಲ್ಲ. ದಿನಕ್ಕೆ ನೂರು ಬೋರ್ಡ್ ಪರೀಕ್ಷೆ ಮಾಡೋ ಫ್ಯಾಕ್ಟರಿಗೆ ದುಡ್ಡು ಕೊಟ್ಟು ಒಳ್ಳೇ ಸಾಧನ ತಗೊಳ್ಳಿ ಅಂತಾನೇ ಹೇಳ್ತೀನಿ. ಕಿರಾಣಿ ಅಂಗಡಿಗೆ, ರಿಪೇರಿ ಅಂಗಡಿಗೆ, ಡಿಪ್ಲೊಮಾ ಲ್ಯಾಬಿಗೆ ಇದು ಸಾಕು.

(5/5)

ಲ್ಯಾಬ್ ಅಂದ್ನಲ್ಲ. ಆ ಹುಡುಗನ ಕಾಲೇಜಿನಲ್ಲಿ ಆಸಿಲೋಸ್ಕೋಪ್ ಬೀರುವಿನಲ್ಲಿ ಇರುತ್ತಂತೆ, ಪರೀಕ್ಷೆ ದಿನ ಹೊರಗೆ ಬರುತ್ತಂತೆ. ದುಬಾರಿ ವಸ್ತು, ಹಾಳಾದ್ರೆ ಮೇಷ್ಟ್ರು ಉತ್ತರ ಕೊಡಬೇಕು, ಅವರ ಕಷ್ಟ ಅರ್ಥ ಆಗುತ್ತೆ. ಆದ್ರೆ 650 ರೂಪಾಯಿ ಡಬ್ಬಿಯನ್ನ ಬೀರುವಿನಲ್ಲಿ ಇಡೋ ಅಗತ್ಯ ಇಲ್ಲ, ಇಬ್ಬರಿಗೊಂದು ಕೊಟ್ರೂ ಸುಟ್ಟಿದ್ದೆಷ್ಟು ಅಂತ ಖರ್ಚಿಗೆ ಬರೆದು ಮುಂದೆ ಹೋಗಬಹುದು. ಅವನು ಹೇಳಿದ ಮಾತು: "ಮೂರು ವರ್ಷದಲ್ಲಿ ನಾನು ನಿಜವಾದ ಸಿಗ್ನಲ್ ಸರಿಯಾಗಿ ನೋಡಿದ್ದು ನಿಮ್ಮ ಮಾಮನ ಅಂಗಡೀಲಿ, ಅಕ್ಕಿ ಮೂಟೆ ಮೇಲೆ ಕೂತು."

ಈಗ ಅವನಿಗೆ ಹುಚ್ಚು ಹಿಡಿದಿದೆ. ಸಿಗ್ರಾಕ್‌ನಲ್ಲಿ ನೂರಕ್ಕೂ ಹೆಚ್ಚು ಪ್ರೋಟೊಕಾಲ್ ಡಿಕೋಡರ್ ಇವೆ, ಎಲ್ಲಾ ಪೈಥಾನ್‌ನಲ್ಲಿ. ಒಂದರ ಮೇಲೊಂದು ಪೇರಿಸಬಹುದು: ಕೆಳಗಿನದು ಬಿಟ್‌ನಿಂದ ಅಕ್ಷರ ಮಾಡುತ್ತೆ, ಮೇಲಿನದು ಅಕ್ಷರದಿಂದ ಅರ್ಥ. ಸಿಗ್ರಾಕ್ ಬೆಂಬಲಿಸೋ ಸಾಧನಗಳ ಪಟ್ಟೀಲಿ ಜರ್ಮನಿಯ ಕೆರ್ನ್ ಕಂಪನಿಯ ತೂಕದ ಮಷಿನ್‌ಗಳೂ ಇವೆ. ಅದನ್ನ ನೋಡಿ "ನಮ್ಮದು ಯಾಕಿರಬಾರದು" ಅಂತ ಮಾಮನ ಮಷಿನ್‌ಗೊಂದು ಡಿಕೋಡರ್ ಬರೀತಿದಾನೆ. ತೂಕ ಬರ್ತಿದೆ (ಕೊನೇ ಫೋಟೋ). ಖಾಲಿ ಡಬ್ಬದ ತೂಕ ಕಳೆದು ಡಬ್ಬ ಎತ್ತಿದ್ರೆ ಮೈನಸ್ ಬರಬೇಕಲ್ಲ, ಅದು ಬರ್ತಿಲ್ಲ, ಪ್ಲಸ್ ಅಂತಾನೇ ತೋರಿಸುತ್ತೆ. ಅಂಗಡಿಯವರಿಗೆ ಅದು ಎಷ್ಟು ಮುಖ್ಯ ಅಂತ ವಿವರಿಸಿ ಬರೆಯೋ ಕೆಲಸ ನನ್ನದು, ಕೋಡ್ ಅವಂದು.

ಮಾಮ ನಿನ್ನೆ ಕೇಳಿದ್ರು, "22,000 ಉಳೀತಲ್ಲಮ್ಮ, ಆ ಸಾಫ್ಟ್‌ವೇರ್ ಮಾಡಿದೋರಿಗೆ ಏನಾದ್ರೂ ಕೊಡಬೇಕಲ್ವಾ?" ಎಷ್ಟು ಅಂತ ಕೇಳಿದೆ. ಗಲ್ಲಾಪೆಟ್ಟಿಗೆ ನೋಡಿದ್ರು, ನನ್ನ ನೋಡಿದ್ರು, "ಮೊದಲು ಆ ಮೈನಸ್ ಸರಿ ಮಾಡಿ" ಅಂದ್ರು. ಭಾನುವಾರ ಮತ್ತೆ ಕೂರ್ತಾ ಇದೀವಿ. ಪೈಥಾನ್ ಬರೋರು ಯಾರಾದ್ರೂ ಇದ್ರೆ ಮೆಸೇಜ್ ಮಾಡಿ, ಟೀ ಮತ್ತು ಮಂಡಕ್ಕಿ ಮೆಣಸಿನಕಾಯಿ ಮಾಮನ ಕಡೆಯಿಂದ.