ಬಂಗಾರದ ಬಣ್ಣಕ್ಕ ಮಳ್ಳಾಗಬ್ಯಾಡ್ರಿ (ಭಾಗ 2)

ದೋಸ್ತರ, ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಜಾತ್ರಿಗೆ ಹೋದ್ರ ಶರ್ಯತ್ತಿನ ಕುದುರಿ ಮುಂದ ಮೊಬೈಲ್ ಹಿಡದು ನಿಂತಿರತೀರಿ. ಅದರಾಗ ಬಂಗಾರ ಬಣ್ಣದ್ದು ಬಂತಂದ್ರ ಮುಗೀತು, "ಜಾತಿ ಕುದುರಿ!" ಅಂತ ಕಮೆಂಟ್.

ಅದು ಬರೇ ಬಣ್ಣ. ಪಾಲೋಮಿನೋ ಅಂತಾರ. ಕೆಂಪು ಕುದುರೆಗೆ 'ಕ್ರೀಮ್' ಜೀನ್ ತಾಯಿ ಅಥವಾ ತಂದೆ, ಒಂದೇ ಕಡೆಯಿಂದ ಬಂದ್ರ ಮೈ ಬಂಗಾರ, ಜೂಲು ಬಾಲ ಬಿಳಿ. ಎರಡೂ ಕಡೆಯಿಂದ ಬಂದ್ರ ಕೆನೆ ಬಣ್ಣದ ಮೈ, ಗುಲಾಬಿ ಚರ್ಮ, ನೀಲಿ ಕಣ್ಣು.

ಈಗ ಲೆಕ್ಕ ಹಾಕ್ರಿ, ನಾವು ಬಿಕಾಂ ಅಲ್ಲೇನು? ಬಂಗಾರಕ್ಕ ಬಂಗಾರ ಕೂಡಿಸಿದ್ರ ಸರಾಸರಿ 4 ಮರಿಯಲ್ಲಿ 2 ಬಂಗಾರ, 1 ಕೆಂಪು, 1 ಕೆನೆ. "ಇದರ ಮರಿ ಎಲ್ಲಾ ಬಂಗಾರನ" ಅಂತ ಹೆಚ್ಚಿನ ರೊಕ್ಕ ಕೇಳಾವ ನಿಮ್ಮ ಕಿಸೆಕ್ಕ ಕೈ ಹಾಕ್ಯಾನ. ಅಮೆರಿಕದಾಗ 1941ರಲ್ಲೇ ಪಾಲೋಮಿನೋ ಸಾಕುವವರ ಸಂಘ ಆತು. ಅಲ್ಲೂ ನೋಂದಣಿ ಬಣ್ಣ ನೋಡಿನ. ಬ್ಯಾರೆ ಬ್ಯಾರೆ ತಳಿಯ ಕುದುರಿ ಅದರಾಗ ಅದಾವ.

"ಚೆಂದ ಇದ್ರ ತಪ್ಪೇನಲೇ?" ಅಂತೀರಿ. ತಪ್ಪಿಲ್ಲ. ಆದ್ರ ಬಣ್ಣಕ್ಕ ರೇಟ್ ಕಟ್ಟಿದ ಮ್ಯಾಲ ಕೆಂಪು ಮರಿ ಹುಟ್ಟಿದ್ದ ಲಾಸ್ ಅನಸತೈತಿ. ಲಾಸಿನ ಮರಿಗೆ ಮೇವು ಕಡಿಮಿ, ಎಲುಬು ಬಲಿಯೂ ಮೊದಲ ಗಾಡಿ. ಅದೇನು ತಪ್ಪು ಮಾಡಿತ್ತು?

ಬಣ್ಣ ಗಾಡಿ ಎಳಿಯೂದಿಲ್ಲ. ಕಾಲು, ಗೊರಸು, ಉಸಿರು ಎಳಿತಾವ. ಮುಂದಿನ ಜಾತ್ರ್ಯಾಗ ಕ್ಯಾಮೆರಾ ಜೂಲಿನಿಂದ ಕೆಳಗಿಳಿಸಿ ಗೊರಸು ತೋರಸ್ರಿ. ಆಮ್ಯಾಲ ಲೈಕ್ ಕೇಳ್ರಿ.

#ಗೋಕಾಕ #ಮೂಡಲಗಿ #ಹುಕ್ಕೇರಿ #ಕುದುರಿಲೆಕ್ಕ