ಕಾಲರ್ ಮೈಕಿನ ಪಿನ್ನಿಗೂ ಒಂದು ನಿಯಮ ಬೇಕು

ಬೆಂಗಳೂರಿನ ಹೆಬ್ಬಾಳದಾಚೆಯ ಕೃಷಿ ವಿಶ್ವವಿದ್ಯಾಲಯದ ಆವರಣವಾದ ಜಿಕೆವಿಕೆಯಲ್ಲಿ ಪ್ರತಿ ವರ್ಷ ಕೃಷಿ ಮೇಳ ನಡೆದಾಗ, ಮಳಿಗೆಗಳ ಮುಂದೆ ರೈತರ ಅಂಗಿಗೆ ಕಡಲೆಕಾಳಿನಷ್ಟು ಮೈಕ್ ಸಿಕ್ಕಿಸಿ ಮಾತನಾಡಿಸುವ ನೋಟ ಈಗ ಮಾಮೂಲು. ಯಲಹಂಕದ ವಾಯುನೆಲೆಯ ಏರೋ ಇಂಡಿಯಾದಲ್ಲಿ ವರದಿಗಾರರ ಬಳಿ, ಆರ್.ಟಿ. ನಗರದ ಕಲ್ಯಾಣ ಮಂಟಪಗಳಲ್ಲಿ ನಿರೂಪಕರ ಬಳಿ, ಯಶವಂತಪುರದ ಬಾಡಿಗೆ ಕೋಣೆಯಿಂದ ಯೂಟ್ಯೂಬಿನಲ್ಲಿ ಪಾಠ ಹೇಳುವ ಮೇಷ್ಟ್ರ ಬಳಿ ಇರುವುದೂ ಅದೇ ಕಾಲರ್ ಮೈಕ್. ಅದು ಕರಕರ ಎಂದು ಸದ್ದು ಮಾಡಿ ಸುಮ್ಮನಾದರೆ ‘ಮೈಕ್ ಹೋಯ್ತು’ ಎಂದು ಎತ್ತಿ ಎಸೆದು ಹೊಸದು ತರುತ್ತೇವೆ. ಬಹಳ ಸಲ ಹೋಗಿರುವುದು ಮೈಕಲ್ಲ, ಕೇಬಲ್ಲು ಪಿನ್ನಿನೊಳಗೆ ಹೊಕ್ಕುವ ಅರ್ಧ ಇಂಚಿನ ಜಾಗ. ಆ ಜಾಗಕ್ಕೂ ಒಂದು ನಿಯಮ ಬೇಕು. ಮಾರುವ ಪ್ರತಿ ಕಾಲರ್ ಮೈಕಿನ ಜೊತೆ ಪಿನ್ ಜೋಡಣೆಯ ನಕ್ಷೆ ಕೊಡಬೇಕು, ಬಿಚ್ಚಿ ಮತ್ತೆ ಬೆಸೆಯಬಹುದಾದ ಪಿನ್ ಇರಬೇಕು, ಸಾರ್ವಜನಿಕ ಖರೀದಿಯಲ್ಲಿ ಇವೆರಡೂ ಷರತ್ತಾಗಬೇಕು.

ಈ ಪುಟ್ಟ ಮೈಕುಗಳಲ್ಲಿ ಹೆಚ್ಚಿನವು ಎಲೆಕ್ಟ್ರೆಟ್ ಜಾತಿಯವು. ಬೆಲ್ ಲ್ಯಾಬ್ಸ್‌ನ ಗೆರ್‌ಹಾರ್ಡ್ ಸೆಸ್ಲರ್ ಮತ್ತು ಜೇಮ್ಸ್ ವೆಸ್ಟ್ 1962ರಲ್ಲಿ ಇದನ್ನು ರೂಪಿಸಿದರು. ವಿದ್ಯುದಾವೇಶವನ್ನು ಹಿಡಿದಿಟ್ಟುಕೊಂಡ ತೆಳು ಪೊರೆ, ಅದರ ಹಿಂದೆ ಒಂದು ಸಣ್ಣ ಟ್ರಾನ್ಸಿಸ್ಟರ್, ಅದಕ್ಕೆ ಉಣಿಸಲು ಕೆಲವೇ ವೋಲ್ಟ್. ಬೆವರು, ನೀರು ತಾಗದಿದ್ದರೆ ಇದು ವರ್ಷಗಟ್ಟಲೆ ಬಾಳುತ್ತದೆ. ಕೇಬಲ್ಲಿನ ಪಾಡು ಬೇರೆ. ಅಂಗಿಯೊಳಗೆ ಕಾಣದಂತೆ ಇರಬೇಕೆಂದು ಅದನ್ನು ಒಂದೆರಡು ಮಿಲಿಮೀಟರಿಗೆ ಇಳಿಸುತ್ತಾರೆ. ಅಷ್ಟರಲ್ಲೇ ಸಿಗ್ನಲ್ ತಂತಿ, ಹೊರಗಿನ ವಿದ್ಯುತ್ ಗದ್ದಲ ತಡೆಯುವ ಶೀಲ್ಡ್, ಎಳೆದರೆ ಭಾರ ಹೊರುವ ನೂಲು ಎಲ್ಲವೂ ಹಿಡಿಸಬೇಕು. ಕೂತಾಗ, ಎದ್ದಾಗ, ಸೊಂಟದ ಟ್ರಾನ್ಸ್‌ಮಿಟರ್ ಜಾರಿದಾಗ ಅದು ಮಡಚುವುದು ಪಿನ್ನಿನ ಬಾಯಲ್ಲೇ. ಒಂದೊಂದೇ ಎಳೆ ಅಲ್ಲೇ ಕಡಿಯುತ್ತದೆ. ಬೆರಳಲ್ಲಿ ಅಲುಗಿಸಿದಾಗ ಬಂದು ಹೋಗುವ ಧ್ವನಿ ಇದರದೇ ಗುರುತು.

ಕಡಿದದ್ದನ್ನು ಬೆಸೆಯಲು ಹೊರಟವರಿಗೆ ಮೊದಲ ತೊಡಕು ಪಿನ್ನಿನ ಭಾಷೆ. ನೋಡಲು ಒಂದೇ ಥರದ 3.5 ಮಿ.ಮೀ. ಪಿನ್ನಿಗೆ ಒಳಗೆ ಹಲವು ಅರ್ಥ. ಕ್ಯಾಮೆರಾದ ಮೈಕ್ ಪಿನ್ನಿನಲ್ಲಿ ಮೂರು ಭಾಗ, ಮೊಬೈಲಿನದರಲ್ಲಿ ನಾಲ್ಕು. ಈಗಿನ ಮೊಬೈಲ್ ಪದ್ಧತಿಯಲ್ಲಿ ಮೈಕಿನ ಸಿಗ್ನಲ್ ಬುಡದ ಭಾಗಕ್ಕೆ, ಅರ್ಥ್ ಅದರ ಮೇಲಿನ ಉಂಗುರಕ್ಕೆ. ಹಳೆಯ ಕೆಲವು ಫೋನುಗಳಲ್ಲಿ ಇದು ತಿರುವುಮುರುವು. ಹಾಗಾಗಿ ಕ್ಯಾಮೆರಾದ ಮೈಕನ್ನು ನೇರವಾಗಿ ಮೊಬೈಲಿಗೆ ಸಿಕ್ಕಿಸಿದರೆ ಪಿನ್ ಸರಿಯಾಗಿ ಕೂರುತ್ತದೆ, ಧ್ವನಿ ಮಾತ್ರ ಹೋಗುವುದಿಲ್ಲ. ವೇದಿಕೆಯ ವೈರ್‌ಲೆಸ್ ಸೆಟ್ಟುಗಳಲ್ಲಿ ಇನ್ನೂ ಹೆಚ್ಚು ಪಂಗಡಗಳು. ಸೆನ್‌ಹೈಸರಿನ ಒಂದು ಸರಣಿಗೆ ತಿರುಗಿಸಿ ಬಿಗಿಯುವ 3.5 ಮಿ.ಮೀ. ಪಿನ್ ಬೇಕು. ಶೂರ್ ಕಂಪನಿಯ ಸೆಟ್ಟುಗಳಲ್ಲಿ ನಾಲ್ಕು ಕಡ್ಡಿಯ ಪುಟ್ಟ ಎಕ್ಸ್‌ಎಲ್‌ಆರ್ ಇದ್ದು, ಒಂದನೆಯ ಕಡ್ಡಿ ಅರ್ಥ್, ಎರಡನೆಯದು 5 ವೋಲ್ಟ್, ಮೂರನೆಯದು ಧ್ವನಿ. ಗುಣದಲ್ಲಿ ಎರಡೂ ಒಳ್ಳೆಯವೇ. ಆದರೆ ಒಂದರ ಮೈಕ್ ಇನ್ನೊಂದಕ್ಕೆ ಆಗದು. ಸೆಟ್ ಬದಲಾದರೆ ಚೆನ್ನಾಗಿರುವ ಮೈಕೂ ಡಬ್ಬಿ ಸೇರುತ್ತದೆ.

ಇಂಥ ಗೊಂದಲವನ್ನು ಇದೇ ಉದ್ಯಮ ಹಿಂದೆ ಬಗೆಹರಿಸಿಕೊಂಡಿದೆ. ದೊಡ್ಡ ಮೈಕಿನ ಮೂರು ಕಡ್ಡಿಯ ಎಕ್ಸ್‌ಎಲ್‌ಆರ್‌ನಲ್ಲಿ ಧ್ವನಿಯ ಧನ ತುದಿ ಎರಡನೆಯ ಕಡ್ಡಿಯೋ ಮೂರನೆಯದೋ ಎಂಬ ವಿಚಾರದಲ್ಲಿ ತಯಾರಕರು ಬಹುಕಾಲ ಒಂದಾಗಿರಲಿಲ್ಲ. ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ 1992ರ ಮಾನಕ ಎರಡನೆಯದೇ ಎಂದು ನಿಗದಿ ಮಾಡಿತು. ಇವತ್ತು ಯಾವ ಊರಿನ ಸೌಂಡ್‌ನವರು ಯಾವ ಕಂಪನಿಯ ಕೇಬಲ್ ತಂದರೂ ನಡೆಯುತ್ತದೆ. ಏರೋ ಇಂಡಿಯಾದಲ್ಲಿ ಹಾರುವ ಯುದ್ಧ ವಿಮಾನಗಳ ಲೋಕದಲ್ಲಂತೂ 38999 ಸಂಖ್ಯೆಯ ಸೇನಾ ಮಾನಕದ ದುಂಡು ಕನೆಕ್ಟರುಗಳನ್ನು ಬೇರೆ ಬೇರೆ ಕಂಪನಿಗಳು ಮಾಡಿದರೂ ಅವು ಒಂದಕ್ಕೊಂದು ಹೊಂದುತ್ತವೆ. ಮೊಬೈಲ್ ಚಾರ್ಜರ್ ವಿಷಯದಲ್ಲಿ ಐರೋಪ್ಯ ಒಕ್ಕೂಟ 2024ರ ಡಿಸೆಂಬರ್‌ನಿಂದ ಟೈಪ್-ಸಿ ಕಡ್ಡಾಯ ಮಾಡಿದೆ. ನಮ್ಮ ಬಿಐಎಸ್ ಕೂಡ ಅದಕ್ಕೆ ಭಾರತೀಯ ಮಾನಕ ಹೊರಡಿಸಿದೆ. ಮನಸ್ಸು ಮಾಡಿದಲ್ಲೆಲ್ಲ ಆಗಿರುವ ಕೆಲಸ ಇದು.

ಕಾಲರ್ ಮೈಕಿಗೂ ಇಂಥ ನಿಯಮ ತರುವುದಕ್ಕೆ ಆಕ್ಷೇಪಗಳಿವೆ. ಮೈಕಿನಿಂದ ಮೈಕಿಗೆ ಬೇಕಾದ ವೋಲ್ಟೇಜ್ ಬೇರೆ, ಕೆಲವಕ್ಕೆ ಎರಡು ತಂತಿ, ಕೆಲವಕ್ಕೆ ಮೂರು, ಎಲ್ಲಕ್ಕೂ ಒಂದೇ ಪಿನ್ ಹೇರಿದರೆ ಗುಣಮಟ್ಟ ಕೆಡುತ್ತದೆ ಎನ್ನುವುದು ತಯಾರಕರ ವಾದ. ಅದರಲ್ಲಿ ನಿಜವಿದೆ. ಅದಕ್ಕೇ ನಾಳೆಯೇ ಎಲ್ಲರೂ ಒಂದೇ ಪಿನ್ನಿಗೆ ಬನ್ನಿ ಎಂದು ಕೇಳಬೇಕಿಲ್ಲ, ಇರುವ ಪಿನ್ನಿನ ನಕ್ಷೆಯನ್ನು ಬಚ್ಚಿಡದೆ ಕೊಡಿ ಎಂದರೆ ಸಾಕು. ಡಿಪಿಎ ಕಂಪನಿ ಕೇಬಲ್ಲಿನ ತುದಿಗೆ ಮೈಕ್ರೋಡಾಟ್ ಎಂಬ ಪುಟ್ಟ ಕನೆಕ್ಟರ್ ಇಟ್ಟು, ಸೆಟ್ಟಿಗೆ ತಕ್ಕಂತೆ ಅಡಾಪ್ಟರ್ ಮಾತ್ರ ಬದಲಿಸುವ ದಾರಿಯನ್ನೂ ತೋರಿಸಿದೆ. ಕೆಲವು ನೂರು ರೂಪಾಯಿಯ ಮೈಕನ್ನು ಯಾರು ರಿಪೇರಿ ಮಾಡಿಸುತ್ತಾರೆ ಎಂಬುದು ಎರಡನೆಯ ಪ್ರಶ್ನೆ. ರಿಪೇರಿ ದುಬಾರಿಯಾಗುವುದು ಪಿನ್ನನ್ನು ಪ್ಲಾಸ್ಟಿಕ್ಕಿನಲ್ಲಿ ಎರಕ ಹೊಯ್ದು ಮುಚ್ಚಿರುವುದರಿಂದ. ತಿರುಪಿನ ಕವಚವಿದ್ದರೆ ಅದು ಅರ್ಧ ಗಂಟೆಯ ಕೆಲಸ. ಇನ್ನು ವೈರ್‌ಲೆಸ್ ಕಾಲದಲ್ಲಿ ವೈರಿನ ಚಿಂತೆ ಏಕೆ ಎನ್ನುವವರು, ಸೊಂಟಕ್ಕೆ ಟ್ರಾನ್ಸ್‌ಮಿಟರ್ ಸಿಕ್ಕಿಸುವ ಸೆಟ್ಟುಗಳಲ್ಲಿ ಅಲ್ಲಿಂದ ಕಾಲರಿನವರೆಗೆ ಇವತ್ತಿಗೂ ವೈರೇ ಇದೆ ಎಂಬುದನ್ನು ಮರೆಯುತ್ತಾರೆ.

ಬೆಸುಗೆಯ ಕಸುಬಿಗೂ ಬೆಲೆ ಬರಬೇಕು. ಇಂಥ ಕೆಲವು ಕೇಬಲ್ಲುಗಳಲ್ಲಿ ತಾಮ್ರದ ಎಳೆಗೆ ಎನಾಮಲ್ ಲೇಪವಿರುತ್ತದೆ. ಅದನ್ನು ಕಾವಿನಿಂದಲೋ ಕೆರೆದೋ ತೆಗೆಯದಿದ್ದರೆ ಬೆಸುಗೆ ಹಿಡಿಯದು. ಕವಚವನ್ನೂ ಶ್ರಿಂಕ್ ಟ್ಯೂಬನ್ನೂ ಬೆಸೆಯುವ ಮುಂಚೆಯೇ ವೈರಿಗೆ ಪೋಣಿಸಿಕೊಳ್ಳಬೇಕು, ಮರೆತರೆ ಬೆಸೆದದ್ದನ್ನೆಲ್ಲ ಬಿಚ್ಚಬೇಕು. 63/37ರ ತವರ-ಸೀಸದ ಬೆಸುಗೆ ಲೋಹ 183 ಡಿಗ್ರಿ ಸೆಲ್ಸಿಯಸ್‌ನಲ್ಲಿ ಕರಗುತ್ತದೆ. ಬಿಸಿ ತುದಿ ಎರಡು ಮೂರು ಸೆಕೆಂಡಿಗಿಂತ ಹೆಚ್ಚು ನಿಂತರೆ ಒಳಗಿನ ಪ್ಲಾಸ್ಟಿಕ್ ಮೆತ್ತಗಾಗಿ ಕಡ್ಡಿಗಳು ಓರೆಯಾಗುತ್ತವೆ. ಕೊನೆಯಲ್ಲಿ ಎಳೆತ ಬೆಸುಗೆಯ ಮೇಲೆ ಬೀಳದಂತೆ ಕೇಬಲ್ಲಿನ ಹೊರ ಸಿಪ್ಪೆಯನ್ನು ಪಿನ್ನಿನ ಹಿಡಿಕೆಗೆ ಕಚ್ಚಿಸಬೇಕು. ಐಟಿಐಗಳಲ್ಲಿ ಒಂದು ವಾರ ಕಲಿಸಿದರೆ ಕೈಗೆ ಹತ್ತುವ ವಿದ್ಯೆ ಇದು. ನಕ್ಷೆ ಇಲ್ಲದಿದ್ದರೆ ಈ ಪಳಗಿದ ಕೈಯೂ ಊಹೆಯ ಮೇಲೆ ನಡೆಯಬೇಕು.

ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ರಿಪೇರಿ ಹಕ್ಕಿನ ಚೌಕಟ್ಟಿಗಾಗಿ 2022ರಲ್ಲಿ ಸಮಿತಿ ರಚಿಸಿತು. ಮೊಬೈಲು, ಟ್ರ್ಯಾಕ್ಟರುಗಳ ಮಾತು ಅಲ್ಲಿ ಬಂದಿದೆ, ಕಾಲರ್ ಮೈಕಿನ ಪಿನ್ನೂ ಬರಲಿ. ಅದಕ್ಕೆ ಕಾಯದೆ ನಮ್ಮ ವಿಶ್ವವಿದ್ಯಾಲಯಗಳು, ಶಾಲೆಗಳು, ಪಾಲಿಕೆಯ ಸಭಾಂಗಣಗಳು ಟೆಂಡರಿನಲ್ಲಿ ಎರಡು ಸಾಲು ಸೇರಿಸಬಹುದು: ಪಿನ್ ಬಿಚ್ಚುವಂತಿರಬೇಕು, ನಕ್ಷೆ ಜೊತೆಗಿರಬೇಕು. ಕೊಳ್ಳುವ ನಾವೂ ಅಂಗಡಿಯಲ್ಲಿ ಬೆಲೆ ಕೇಳುವ ಮುಂಚೆ ಈ ಎರಡನ್ನು ಕೇಳೋಣ. ಜಿಕೆವಿಕೆಯ ಮೇಳಕ್ಕೆ ದೂರದ ಊರಿಂದ ಬಂದ ರೈತರೊಬ್ಬರು ತಮ್ಮ ಬೆಳೆಯ ಬಗ್ಗೆ ಹೇಳುವುದನ್ನು ರಾಜ್ಯಕ್ಕೆಲ್ಲ ಮುಟ್ಟಿಸುವುದು ಆ ಅರ್ಧ ಇಂಚಿನ ಬೆಸುಗೆ. ಅದು ಕಡಿದು ಅವರ ಮಾತು ಕಳೆದುಹೋದರೆ, ಮತ್ತೆ ಕೇಳಲು ಅವರು ಅಲ್ಲಿರುವುದಿಲ್ಲ.